ಮೇಣದ ಡಬ್ಬಿಗೆ ಸಿಕ್ಕ ತಂಪು

ರಾಯಚೂರಿನ ಅಮರೇಶನಿಗೆ ತನ್ನ ಕಾರೆಂದರೆ ಪ್ರಾಣ. ಕಡುನೀಲಿ ಬಣ್ಣದ ಆ ಕಾರು ಓಣಿಗೆ ತಿರುಗಿದರೆ ಜನ ನಿಂತು ನೋಡಬೇಕು, ಅದೇ ಅವನ ಆಸೆ. ರಜೆ ಬಂದರೆ ಬೆಳಿಗ್ಗೆಯೇ ಕಾರು ತೊಳೆದು, ಬೇವಿನ ಮರದ ನೆರಳಿಗೆ ತಂದು ನಿಲ್ಲಿಸುತ್ತಿದ್ದ. ಕಾರಿಗೆ ಹೊಳಪು ಕೊಡಲೆಂದು ಮುಂಬಯಿಯಿಂದ ತರಿಸಿದ ದುಬಾರಿ ಮೇಣವನ್ನು ಸ್ಪಂಜಿಗೆ ಚೂರೇ ಚೂರು ತಗುಲಿಸಿ ತೆಳ್ಳಗೆ ಸವರುತ್ತಿದ್ದ. ಅದು ಒಣಗಿ ಮಂಜು ಕವಿದಂತಾದಾಗ ಮೆತ್ತನೆಯ ಬಟ್ಟೆಯಿಂದ ಉಜ್ಜುತ್ತಿದ್ದ. ಆಮೇಲೆ ಬಾನೆಟ್ಟಿನ ಮೇಲೆ ಬೇವಿನ ಎಲೆ ಎಲೆಯೂ ಕಾಣುತ್ತಿತ್ತು.

ಮನೆಯಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಅಕ್ಕ ಹಂಪಮ್ಮ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳೇ. ಸಕ್ಕರೆ ಕಾಯಿಲೆ ಬಲಿತಿದ್ದರಿಂದ ಅವಳು ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳಬೇಕಿತ್ತು.

ಆ ವರ್ಷದ ಬೇಸಿಗೆಯಲ್ಲಿ ಗೋಡೆಗಳೂ ಸುಡುತ್ತಿದ್ದವು. ಒಂದು ದಿನ ಅಮರೇಶ ಡಬ್ಬಿ ತೆಗೆದು ನೋಡಿದರೆ ಮೇಣ ಕರಗಿ, ಮೇಲೆ ಎಣ್ಣೆ ತೇಲುತ್ತಿತ್ತು. ತಂಪಾದ ಜಾಗದಲ್ಲಿಡಿ ಎಂದು ಡಬ್ಬಿಯ ಮೇಲೆಯೇ ಬರೆದಿತ್ತು. ಮನೆಯ ಫ್ರಿಜ್ಜು ಚಿಕ್ಕದು. ಹಾಲು, ತರಕಾರಿಗೆ ಮೇಣದ ವಾಸನೆ ಹತ್ತಬಾರದೆಂದರೆ ಬಾಗಿಲಿನಲ್ಲಿ ಮುಚ್ಚಳವಿದ್ದ ಖಾನೆಯೊಂದೇ ಗತಿ. ಅದರಲ್ಲಿ ಅಕ್ಕನ ಇನ್ಸುಲಿನ್ ಸೀಸೆಗಳಿದ್ದವು. ಅವನು ಅವನ್ನು ತೆಗೆದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲಿಟ್ಟ. ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಖಾನೆಯೊಳಗಿಟ್ಟ.

ಅಕ್ಕ ಅದನ್ನು ನೋಡಿದಳು. "ತಮ್ಮಾ, ಈ ಔಷಧ ತಂಪಿನ್ಯಾಗ ಇರಬೇಕು ಅಂತ ಡಾಕ್ಟ್ರು ಅಂದಿದ್ರಲ್ಲೋ."

"ಒಂದೆರಡು ದಿನಕ್ಕ ಏನಾಗೂದಿಲ್ಲ ಬಿಡಕ್ಕಾ. ಔಷಧ ಫ್ರಿಜ್ಜಿನ್ಯಾಗ ಇಡಾಕ ಒಂದು ಬ್ಯಾರೆ ಡಬ್ಬಿ ತರ್ತೀನಿ."

ತಮ್ಮ ಓದಿದವನು, ತಿಳಿದೇ ಹೇಳಿರುತ್ತಾನೆ ಎಂದು ಅವಳು ಸುಮ್ಮನಾದಳು. ಅವನು ಡಬ್ಬಿ ತರುವುದನ್ನು ಮರೆತ. ಇನ್ನೊಮ್ಮೆ ನೆನಪಿಸಲು ಅವಳಿಗೆ ಸಂಕೋಚ. ಕಿಟಕಿಯ ಮೇಲೆ ದಿನವೂ ಮಧ್ಯಾಹ್ನದ ಬಿಸಿಲು ಸೀದಾ ಬೀಳುತ್ತಿತ್ತು.

ಕೆಲವು ವಾರ ಕಳೆಯುವಷ್ಟರಲ್ಲಿ ಹಂಪಮ್ಮ ಇಳಿದುಹೋದಳು. ಎಷ್ಟು ನೀರು ಕುಡಿದರೂ ದಾಹ ತೀರದು. ಎರಡು ಹೆಜ್ಜೆ ನಡೆದರೆ ಗೋಡೆ ಹಿಡಿಯಬೇಕು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ವಿಪರೀತ ಏರಿತ್ತು. ಅಮರೇಶನಿಗೆ ಸಿಟ್ಟು ಬಂತು.

"ದಿನಾ ಸೂಜಿ ಚುಚ್ಚಿಕೊಂಡ್ರೂ ಸಕ್ಕರಿ ಹಿಂಗ ಏರತೈತಿ ಅಂದ್ರ, ನೀ ಕದ್ದು ಏನರೆ ತಿಂತೀ."

"ದೇವರಾಣೆ ನಾ ಏನೂ ತಿಂದಿಲ್ಲೋ."

ಅವನು ನಂಬಲಿಲ್ಲ. ಬೆಲ್ಲದ ಡಬ್ಬಿಯನ್ನು ತನ್ನ ಬೀರುವಿಗೆ ಹಾಕಿ ಬೀಗ ಜಡಿದ. ಎದುರು ಮನೆಯ ಗಂಗಮ್ಮನಿಗೂ ಹೇಳಿದ: "ನಮ್ಮಕ್ಕಗ ಬಾಯಿ ಹಿಡಿತ ಇಲ್ಲ. ನೀವು ಏನೂ ಕೊಡಬ್ಯಾಡ್ರಿ."

ಅಂದಿನಿಂದ ಹಂಪಮ್ಮ ಉಣ್ಣುವುದನ್ನೇ ಕಡಿಮೆ ಮಾಡಿದಳು. ತಟ್ಟೆಯಲ್ಲಿ ಅರ್ಧ ರೊಟ್ಟಿ, ಅದಕ್ಕೂ ತಮ್ಮನ ಮುಖ ನೋಡುವುದು. ಅವನು ಬೇಡವೆನ್ನಲಿಲ್ಲ. ಬುದ್ಧಿ ಬಂತು ಎಂದುಕೊಂಡ.

ಒಂದು ಬೆಳಿಗ್ಗೆ ಅವನು ಕಾರಿಗೆ ಮೇಣ ಸವರುತ್ತಿದ್ದಾಗ ಒಳಗೆ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅಕ್ಕ ಬಚ್ಚಲ ಬಾಗಿಲಲ್ಲಿ ಕುಸಿದಿದ್ದಳು. ವಾಂತಿಯಾಗಿತ್ತು, ಏದುಸಿರು ಬಿಡುತ್ತಿದ್ದಳು. ಅವನು ಅವಳನ್ನು ಎತ್ತಿ ಕಾರಿನಲ್ಲಿ ಮಲಗಿಸಿ ಆಸ್ಪತ್ರೆಗೆ ಓಡಿಸಿದ.

ಡಾಕ್ಟರು ಪರೀಕ್ಷೆ ಮಾಡಿ ಕೇಳಿದರು. "ಇನ್ಸುಲಿನ್ ತಪ್ಪದೆ ಕೊಡ್ತಿದ್ರಾ?"

"ದಿನಾ ತಗೊಂತಿದ್ಲು ಸರ್."

"ಎಲ್ಲಿ ಇಡ್ತಿದ್ರಿ ಅದನ್ನ?"

ಅಮರೇಶ ಹೇಳಿದ: "ಕಿಟಕ್ಯಾಗ."

"ಈ ಬಿಸಿಲಲ್ಲಾ?" ಡಾಕ್ಟರು ಅವನನ್ನೇ ನೋಡಿದರು. "ಹಾಗಿಟ್ರೆ ಅದರ ಶಕ್ತಿ ಹೋಗಿಬಿಡುತ್ತೆ. ಆಮೇಲೆ ಚುಚ್ಚಿಕೊಂಡರೂ ಒಂದೇ, ಬಿಟ್ಟರೂ ಒಂದೇ."

ಅವನು ಅಕ್ಕನ ಮಂಚದ ಪಕ್ಕ ಕುಳಿತು ಅವಳ ಕೈ ಹಿಡಿದುಕೊಂಡ. ಕಣ್ಣು ತೆರೆದರೆ ಹೇಳಬೇಕು, ನೀನು ಏನೂ ತಿಂದಿರಲಿಲ್ಲ, ತಪ್ಪು ನನ್ನದು ಎನ್ನಬೇಕು ಎಂದು ಕಾದ. ಅವಳು ಕಣ್ಣು ತೆರೆಯಲಿಲ್ಲ. ಮರುದಿನ ಉಸಿರು ನಿಂತಿತು.

ಹೆಣವನ್ನು ಮನೆಗೆ ತಂದಾಗ ಓಣಿಯ ಜನ ಸೇರಿದರು. ಹಿರಿಯರೊಬ್ಬರು ಅವನ ಹೆಗಲ ಮೇಲೆ ಕೈಯಿಟ್ಟರು. "ನೀ ಬಾಳ ಮಾಡಿದಿ ಅಮರೇಶಾ. ಸಕ್ಕರಿ ಕಾಯಿಲಿ ಇದ್ದವ್ರು ಬಾಯಿ ಕಟ್ಟದಿದ್ರ ಯಾರೇನು ಮಾಡಾಕ ಆಗತೈತಿ?"

ಹೂಂ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಿಜ ತಿಳಿದಿದ್ದವನು ಅಲ್ಲಿ ಅವನೊಬ್ಬನೇ. ಅವನು ತಲೆಯೆತ್ತದೆ ಹೇಳಿದ: "ಆಕಿ ಏನೂ ತಿಂದಿರಲಿಲ್ರಿ. ಕಾರಿನ ಮೇಣ ಇಡಾಕ ಆಕಿ ಔಷಧ ಫ್ರಿಜ್ಜಿನಿಂದ ಹೊರಗ ಹಾಕಿದ್ದೆ. ಬಿಸಿಲಿಗೆ ಅದು ಕೆಟ್ಟಿತ್ತು. ನಾ ಆಕಿ ಮ್ಯಾಲೆ ಸುಳ್ಳು ಹೊರಿಸಿದೆ."

ಹಿರಿಯರು ಹೆಗಲ ಮೇಲಿನ ಕೈ ತೆಗೆದರು. ಹೆಣದ ಬಳಿ ಕುಳಿತಿದ್ದ ಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಮೆಲ್ಲಗೆ ಅಂದಳು:

"ಈ ಮಾತು ಹೋದ ವಾರ ಹೇಳಿದ್ದರ, ಆಕಿ ಹೊಟ್ಟಿ ತುಂಬ ಉಂಡಾದ್ರೂ ಹೋಗ್ತಿದ್ಲು."

ನೀತಿ: ವಸ್ತುವಿನ ಹೊಳಪು ಕಾಯಲು ಹೋಗಿ ಮನೆಯವರ ಜೀವ ಮರೆಯಬೇಡಿ. ಮನೆಯಲ್ಲಿ ಏನಾದರೂ ಕೆಟ್ಟರೆ ಇನ್ನೊಬ್ಬರನ್ನು ದೂರುವ ಮೊದಲು ನಮ್ಮ ಕೈ ಏನು ಮಾಡಿದೆ ಎಂದು ನೋಡಿಕೊಳ್ಳಬೇಕು. ತಪ್ಪೊಪ್ಪಿಗೆಯನ್ನು ಕೇಳಬೇಕಾದವರು ಬದುಕಿರುವಾಗಲೇ ಹೇಳಬೇಕು.