ಬಂಡೆಹಟ್ಟಿಯ ಹಸಿರು ಬೋರಿಂಗು

ನಗೋರಿದ್ದರೆ ಈಗಲೇ ನಕ್ಕುಬಿಡಿ. ಕತೆ ಮುಂದಕ್ಕೆ ಹೋದ ಹಾಗೆ ನಗೋದು ಕಷ್ಟ ಆಗುತ್ತೆ.

ಬಂಡೆಹಟ್ಟಿಯಲ್ಲಿ ಪಾಲಮ್ಮ ಅಂತ ಒಬ್ಬಳು ತಾಯಿ, ಓಬಳೇಶ ಅಂತ ಅವಳಿಗೊಬ್ಬ ಮಗ. ಮದುವೆ ವಯಸ್ಸು ದಾಟಿತ್ತು, ಬುದ್ಧಿ ಇನ್ನೂ ಬಂದಿರಲಿಲ್ಲ. ಊರಿಗೆಲ್ಲ ಒಂದೇ ಬೋರಿಂಗು. ಅದರ ನೀರಲ್ಲಿ ಫ್ಲೋರೈಡು. ಕುಡಿದು ಕುಡಿದು ಮಕ್ಕಳ ಹಲ್ಲು ತುಕ್ಕಿನ ಬಣ್ಣ. ಪಾಲಮ್ಮನ ಮಂಡಿ ಮಡಿಸಿದ್ದು ಮಡಿಸಿದ ಹಾಗೇ.

ಓಬಳೇಶನಿಗೆ ತಾಲೂಕಿನ ನೀರು ಪರೀಕ್ಷೆ ಆಫೀಸಲ್ಲಿ ಕೆಲಸ ಸಿಕ್ಕಿತು. ಪಾಲಮ್ಮ ಅಂದಳು, "ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದೆ ಅಂತ ರಿಪೋರ್ಟ್ ಬಂದ್ರೆ ಊರಿಗೆ ಒಳ್ಳೆ ನೀರು ಕೊಡ್ತಾರಂತೆ ಕಣೋ. ನಿನ್ನ ತಲೆ ಓಡಿಸಬ್ಯಾಡ. ಹೇಳಿದಷ್ಟು ಮಾಡು."

"ಆಯ್ತವ್ವ. ಹೇಳಿದಷ್ಟೇ."

ಬಂಡೆಹಟ್ಟಿ ನೀರು ಪರೀಕ್ಷೆಗೆ ಬಂತು. ಆಫೀಸಿನ ಮಿಷಿನ್ನು ಓದೋದು ಎರಡರ ತನಕ ಮಾತ್ರ. ಈ ನೀರು ಅದಕ್ಕೆ ನಿಲುಕಲಿಲ್ಲ. ಅವನ ಮೇಲಧಿಕಾರಿ ಜಬೀನಾ ಮೇಡಂ ಹೇಳಿದರು, "ಒಂದು ಪಾಲು ಇದು, ಒಂಬತ್ತು ಪಾಲು ಶುದ್ಧ ನೀರು. ಬೆರೆಸಿ ಇಡು. ಬಂದದ್ದನ್ನ ಬರಿ."

ಬೆರೆಸಿದ. ಇಟ್ಟ. ಸೊನ್ನೆ ಪಾಯಿಂಟ್ ಆರು ಬಂತು. ಬಂದದ್ದನ್ನ ಬರೆದ. ರಿಪೋರ್ಟ್ ಹೋಯಿತು. ಪಂಚಾಯ್ತಿಯವರು ಬಂದು ಬೋರಿಂಗಿಗೆ ಹಸಿರು ಬಣ್ಣ ಬಳಿದು, ಮೇಲೆ "ಶುದ್ಧ ನೀರು" ಅಂತ ಬಿಳಿ ಅಕ್ಷರದಲ್ಲಿ ಬರೆದು ಹೋದರು.

ಪಾಲಮ್ಮ ಹಣೆ ಹಣೆ ಬಡಿದುಕೊಂಡಳು. "ಇದು ಶುದ್ಧ ಆದ್ರೆ ನನ್ನ ಮಂಡಿ ಯಾಕೋ ಹಿಂಗಿದೆ?"

"ಮಂಡಿ ಪರೀಕ್ಷೆ ನಮ್ಮ ಆಫೀಸಲ್ಲಿ ಇಲ್ಲವ್ವ."

ಮೇಡಂಗೆ ಗೊತ್ತಾಯಿತು. "ಅಯ್ಯೋ ಪೆದ್ದ, ನೀರು ಹತ್ತು ಪಟ್ಟು ತೆಳ್ಳಗೆ ಮಾಡಿದ ಮೇಲೆ ಬಂದ ಅಂಕಿನ ಹತ್ತರಿಂದ ಗುಣಿಸಬೇಕು ತಾನೆ? ಅದು ಆರು ಕಣೋ, ಆರು. ಇನ್ನು ಮುಂದಿನ ಸುತ್ತಿನ ತನಕ ನಿಮ್ಮೂರಿನ ನೀರು ನೋಡಂಗಿಲ್ಲ. ಹತ್ತರಿಂದ ಗುಣಿಸು. ತಲೇಲಿಟ್ಕೋ."

ತಲೇಲಿಟ್ಟುಕೊಂಡ.

ಪಕ್ಕದ ಮರಡಿಪಾಳ್ಯದ ನೀರು ಬಂತು. ಎಳನೀರಿನಂಥ ನೀರು. ಏನೂ ಬೆರೆಸದೆ ಇಟ್ಟರೂ ಸೊನ್ನೆ ಪಾಯಿಂಟ್ ನಾಲ್ಕು. ಹತ್ತರಿಂದ ಗುಣಿಸಿದ. ನಾಲ್ಕು ಅಂತ ಬರೆದ. ಮರಡಿಪಾಳ್ಯದ ಬೋರಿಂಗಿಗೆ ಕೆಂಪು ಬಣ್ಣ ಬಳಿದು ಹಿಡಿಯನ್ನೇ ಕಿತ್ತುಕೊಂಡು ಹೋದರು. ಪಾಪ, ಅಲ್ಲಿಯ ಹೆಂಗಸರು ಕೊಡ ಎತ್ತಿಕೊಂಡು ಬಂದು ನಿಂತದ್ದೆಲ್ಲಿ? ಬಂಡೆಹಟ್ಟಿಯ ಹಸಿರು ಬೋರಿಂಗಿನ ಮುಂದೆ. ಈಗ ಎರಡೂರಿನ ಮಕ್ಕಳು ಅದೇ ನೀರು ಕುಡಿದರು.

ಮೇಡಂ ತಲೆ ಹಿಡಿದುಕೊಂಡರು. "ಬೆರೆಸದ ನೀರಿಗೆ ಯಾಕೋ ಗುಣಿಸಿದೆ? ಬೆರೆಸಿದ್ರೆ ಗುಣಿಸು, ಇಲ್ಲದಿದ್ರೆ ಬಿಡು. ನೋಡು, ನನಗೆ ಇನ್ನೊಂದು ತಾಲೂಕಿನ ಕೆಲಸಾನೂ ಹಚ್ಚಿದ್ದಾರೆ, ದಿನಾ ಬರೋಕಾಗಲ್ಲ. ಸರಿಯಾಗಿ ಕೇಳಿಸ್ಕೋ. ಮೊದಲು ಶುದ್ಧ ನೀರು ಇಟ್ಟು ಮಿಷಿನ್ನನ್ನ ಸೊನ್ನೆಗೆ ತಾ. ಆಮೇಲೆ ಊರಿನ ನೀರು ಇಡು. ಸಿಕ್ಕ ಸಿಕ್ಕ ನಲ್ಲಿ ನೀರಲ್ಲಿ ಸೊನ್ನೆ ಮಾಡೀಯ. ಶುದ್ಧ ನೀರು ಅಂತ ಬರೆದಿರಬೇಕು, ಅಂಥದ್ದೇ ಆಗಬೇಕು." ಖಾಲಿ ರಿಪೋರ್ಟಿಗೆ ಸಹಿ ಹಾಕಿಟ್ಟು ಬಸ್ಸು ಹತ್ತಿದರು.

ಬಂಡೆಹಟ್ಟಿಯ ಸುತ್ತು ಮತ್ತೆ ಬಂತು. ಅವತ್ತು ಪಾಲಮ್ಮ ಮಗನ ಕೈ ಹಿಡಿದುಕೊಂಡು ಹೇಳಿದಳು, "ಇದೊಂದ್ಸಲ ಸರಿ ಮಾಡ್ಕೊಂಡು ಬಾರೋ ನನ್ನಪ್ಪ. ನಂದಂತೂ ಆಯ್ತು, ಮಕ್ಕಳು ನೆಟ್ಟಗೆ ನಿಂತ್ಕೊಳ್ಳಲಿ."

ಆಫೀಸಿಗೆ ಹೋದರೆ "ಶುದ್ಧ ನೀರು" ಅಂತ ಬರೆದ ಕ್ಯಾನು ಖಾಲಿ. ಓಬಳೇಶ ಹೆದರಲಿಲ್ಲ. ಹಾಗೆ ಬರೆದಿರೋ ಇನ್ನೊಂದು ಜಾಗ ಅವನಿಗೆ ಗೊತ್ತಿತ್ತು. ಸೈಕಲ್ ತುಳಿದ. ಹಸಿರು ಬೋರಿಂಗಿಂದ ಕ್ಯಾನು ತುಂಬಿಸಿ ತಂದ. ಆ ನೀರಿಟ್ಟು ಮಿಷಿನ್ನನ್ನ ಸೊನ್ನೆಗೆ ತಂದ. ಆಮೇಲೆ ಒಂದು ಪಾಲು ಬಂಡೆಹಟ್ಟಿ ನೀರಿಗೆ ಒಂಬತ್ತು ಪಾಲು ಕ್ಯಾನಿನ ನೀರು ಬೆರೆಸಿ ಇಟ್ಟ. ಸೊನ್ನೆ. ಬೆರೆಸಿದ್ದನಲ್ಲ, ಮರೆಯದೆ ಹತ್ತರಿಂದ ಗುಣಿಸಿದ.

ಸಂಜೆ ಮನೆಗೆ ಬಂದ.

"ಎಷ್ಟು ಬಂತೋ?"

"ಸೊನ್ನೆ ಕಣವ್ವ. ಗುಣಿಸಿದ ಮೇಲೂ ಸೊನ್ನೆ. ಈ ಸಲ ಒಂದೂ ತಪ್ಪಿಲ್ಲ. ರಿಪೋರ್ಟ್ ಕಳಿಸ್ದೆ."

ಪಾಲಮ್ಮ ಬೈಯಲಿಲ್ಲ. ಬೈಯೋಕೆ ಎದ್ದು ನಿಲ್ಲಬೇಕಿತ್ತು, ಮಂಡಿ ಏಳಲಿಲ್ಲ. ಗೋಡೆಗೆ ಒರಗಿ, "ಒಂದು ಲೋಟ ನೀರು ಕೊಡು" ಅಂದಳು.

ತಂದುಕೊಟ್ಟ. ಅವಳು ಲೋಟದೊಳಗೆ ನೋಡುತ್ತ ಕೂತಳು.

"ಕುಡಿಯವ್ವ, ಹೆದರಬ್ಯಾಡ. ಮನೆ ಕೊಡದ್ದು ಒಂದೇ ಪಾಲು. ಒಂಬತ್ತು ಪಾಲು ಶುದ್ಧ ನೀರು ಬೆರೆಸಿದ್ದೀನಿ."

ಪಾಲಮ್ಮ ತಲೆ ಎತ್ತಿದಳು. "ಶುದ್ಧ ನೀರಾ? ಈ ಊರಲ್ಲಿ ಎಲ್ಲಿ ಸಿಕ್ತೋ ನಿಂಗೆ?"

"ಹಸಿರು ಬೋರಿಂಗಲ್ಲಿ."

ಬಾಯಾರಿತ್ತು. ಕುಡಿದಳು.