ಗೆಣಸಿನ ತಲೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಬೆಟ್ಟದ ಹಾಡಿಗಳ ಉದ್ಧಾರದ ಕೆಲಸವನ್ನು ಮಠ ನನಗೆ ಒಪ್ಪಿಸಿದೆ. ಕಾಡಿನ ಜನಕ್ಕೆ ಮೊದಲು ಬೇಕಾದದ್ದು ಯಾವುದು? ರಸ್ತೆಯೋ, ಶಾಲೆಯೋ, ದೀಪವೋ?"

ಗುರು ಹೇಳಿದರು:

ಒಬ್ಬ ಅಧಿಕಾರಿ ಇದ್ದ. ಓದಿದವನು, ಲಂಚ ಮುಟ್ಟದವನು, ಕಾಡಿನ ಮೇಲೆ ನಿಜವಾದ ಪ್ರೀತಿ ಇದ್ದವನು. ಇಂಥವರನ್ನು ತಡೆಯುವುದು ಕಷ್ಟ.

ಅವನು ಒಂದು ಹಾಡಿಗೆ ಹೋದ. ಹಾಡಿಯ ಹಿಂದಿನ ಇಳಿಜಾರಿನಲ್ಲಿ ಒಬ್ಬ ಮುದುಕಿ ಕಾಡುಗೆಣಸು ಅಗೆಯುತ್ತಿದ್ದಳು. ಮಳೆಗೆ ಮುಂಚಿನ ಎರಡು ತಿಂಗಳು ಹಾಡಿಯ ಹೊಟ್ಟೆ ತುಂಬುತ್ತಿದ್ದದ್ದು ಆ ಗೆಣಸಿನಿಂದ. ಅವಳು ಗೆಣಸು ಕೀಳುವಳು, ಬಳ್ಳಿ ಅಂಟಿದ್ದ ತಲೆಯನ್ನು ಕೊಯ್ದು ಅದೇ ಗುಂಡಿಯಲ್ಲಿ ಹೂಳುವಳು, ಹಿಮ್ಮಡಿಯಿಂದ ಮಣ್ಣು ತುಳಿದು ಮುಂದಿನ ಬಳ್ಳಿಗೆ ಹೋಗುವಳು. ಮುಂದಿನ ವರ್ಷದ ಗೆಣಸು ಚಿಗುರುವುದು ಆ ತಲೆಯಿಂದಲೇ; ಅದು ಹಾಡಿಯ ಕಟ್ಟಳೆ. ತಲೆ ಹೂಳದೆ ಬಂದವರ ಗೆಣಸನ್ನು ಅಲ್ಲಿ ಯಾರೂ ಬೇಯಿಸುತ್ತಿರಲಿಲ್ಲ.

ಅಧಿಕಾರಿಗೆ ಕಂಡದ್ದು ಅಗೆದ ನೆಲ. ಜನ ಕಾಡನ್ನು ಬೇರುಸಹಿತ ಮುಗಿಸುತ್ತಿದ್ದಾರೆ ಎಂದು ಬರೆದುಕೊಂಡ. ಇಳಿಜಾರಿಗೆ ಬೇಲಿ ಹಾಕಿಸಿದ. ನ್ಯಾಯವಂತನಾದ್ದರಿಂದ ಗೆಣಸಿನ ಬದಲು ಲಾರಿಯಲ್ಲಿ ಅಕ್ಕಿ ತರಿಸಿದ.

"ಇನ್ನು ಬಿಸಿಲಲ್ಲಿ ಅಗೆಯೋ ಕಷ್ಟ ಇಲ್ಲ, ಅಜ್ಜಿ," ಎಂದ.

ಮುದುಕಿ ಒಂದು ಹಿಡಿ ಅಕ್ಕಿ ಎತ್ತಿ ನೋಡಿದಳು. "ಚೆನ್ನಾಗಿದೆ ಸ್ವಾಮಿ. ಇದರ ತಲೆ ಎಲ್ಲಿ? ಹೂಳಬೇಕಲ್ಲ."

"ಅಕ್ಕಿಗೆ ತಲೆ ಇರಲ್ಲ. ಖಾಲಿಯಾದರೆ ನಾನೇ ಮತ್ತೆ ಕಳಿಸ್ತೀನಿ."

"ಹಾಗಾದರೆ ನಿಮ್ಮನ್ನೇ ಹೂಳಿಟ್ಟುಕೋಬೇಕು," ಎಂದಳು.

ಹಾಡಿಯವರು ನಕ್ಕರು. ಅಧಿಕಾರಿಯೂ ನಕ್ಕ.

ಮೂರು ವರ್ಷ ಅಕ್ಕಿ ಬಂತು. ಆ ಮೂರು ವರ್ಷವೂ ಕಾಡುಹಂದಿಗಳು ಬೇಲಿಯಡಿ ನುಸುಳಿ ಗೆಣಸು ತಿಂದವು. ಹಂದಿಗಳಿಗೆ ಕಟ್ಟಳೆ ಇರಲಿಲ್ಲ, ತಲೆಯನ್ನೂ ತಿಂದವು. ಯಾರೂ ಕಾಲಿಡದ ಜಾಗದಲ್ಲಿ ಲಂಟಾನ ಕಳೆ ಹಬ್ಬಿತು. ನಾಲ್ಕನೆಯ ವರ್ಷ ಅಧಿಕಾರಿಗೆ ವರ್ಗವಾಯಿತು. ಹೊಸಬನಿಗೆ ಬೇರೊಂದು ಬೆಟ್ಟದ ಮೇಲೆ ಪ್ರೀತಿ. ಲಾರಿ ನಿಂತಿತು.

ಹಾಡಿಯವರು ಬೇಲಿ ಕಿತ್ತು ಒಳಗೆ ಹೋದರು. ಇಡೀ ದಿನ ಎಲ್ಲರೂ ಅಗೆದರೂ ಸಿಕ್ಕಿದ್ದು ಒಂದು ಬುಟ್ಟಿ ಗೆಣಸು. ಮಕ್ಕಳು ಹಸಿದಿದ್ದವು. ಮುದುಕಿ ಮೊದಲು ತಲೆಗಳನ್ನು ಕೊಯ್ದು ಹೂಳಿದಳು, ಆಮೇಲೆ ಉಳಿದದ್ದನ್ನು ಹಂಚಿದಳು. ಆ ಬೇಸಿಗೆಯನ್ನು ಹಾಡಿ ಅರೆಹೊಟ್ಟೆಯಲ್ಲಿ ಕಳೆಯಿತು. ಹೊಸ ಅಧಿಕಾರಿ ಬಂದು ನೋಡಿ, ಸ್ಥಳೀಯರು ಗೆಣಸನ್ನು ಮುಗಿಸಿದ್ದಾರೆ ಎಂದು ವರದಿ ಬರೆದ.

ಕತೆ ಮುಗಿಯಿತು. ಶಿಷ್ಯನಿಗೆ ಸಿಟ್ಟು ಬಂದಿತ್ತು.

"ಆ ಮೊದಲನೆಯವನು ಮುದುಕಿಯ ಪಕ್ಕದಲ್ಲೇ ನಿಂತಿದ್ದ. ಗುಂಡಿಗೆ ಏನು ಹಾಕುತ್ತಿದ್ದೀಯ ಎಂದು ಅವಳನ್ನೇ ಒಂದು ಮಾತು ಕೇಳಬಹುದಿತ್ತಲ್ಲ?"

"ಬೆಟ್ಟ ಇಲ್ಲಿಂದ ಎರಡು ಗಂಟೆಯ ದಾರಿ," ಎಂದರು ಗುರು. "ನೀನು ನನ್ನನ್ನು ಕೇಳಲು ಬಂದೆ."