ಗಿಳಿಗಳ ಗುರು ಯಾರು?

ಶಿವನನ್ನು ನೆನೆದು ಹೇಳುತ್ತೇನೆ ಮಕ್ಕಳೇ, ಸಮಾಧಾನದಿಂದ ಕೇಳಿ. ಹೊಂಗಲ್ಲು ಎಂಬ ಸೀಮೆಯಲ್ಲಿ ಒಬ್ಬ ಅರಸನಿದ್ದ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಗಿಳಿಗಳು ಅರಮನೆ ತುಂಬ ಇರಬೇಕೆಂದು ಅವನಿಗೆ ಆಸೆಯಾಯಿತು. ಮಾತು ಬಲ್ಲ ಗಿಳಿಗಳು ಸಿಕ್ಕುತ್ತಿದ್ದುದು ಜೂಜಿನ ಕಟ್ಟೆಯಲ್ಲಿ, ಹೆಂಡದಂಗಡಿಯಲ್ಲಿ, ದಂಡಿನ ಬಿಡಾರದಲ್ಲಿ. ಅವುಗಳ ಬಾಯಲ್ಲಿ ಜಾಣಮಾತೂ ಇತ್ತು, ಆಡಬಾರದ ಹೊಲಸೂ ಇತ್ತು. ಆ ಹೊಲಸು ಬಿಡಿಸುವ ಹೊಣೆ ಪಾರುಪತ್ಯಗಾರ ದುಗ್ಗಣ್ಣನ ಪಾಲಿಗೆ ಬಂತು.

ದುಗ್ಗಣ್ಣ ಪಟ್ಟಣ ಬಿಟ್ಟು ಕದಲುವವನಲ್ಲ. ಪಂಜರಗಳನ್ನು ಗಾಡಿಗೆ ಹೇರಿ ದೂರದ ಹಳ್ಳಿಗಳಿಗೆ ಕಳಿಸಿದ. ಬಸರೀಹಾಳಿನ ತಿಪ್ಪಕ್ಕನ ಮನೆಗೂ ಬಂದವು. ಅವಳ ಗಂಡ ಕಾಲು ಮುರಿದು ಮಲಗಿದ್ದ. ಚೆನ್ನಿ ಎಂಬ ಪುಟ್ಟ ಮಗಳಿದ್ದಳು. ಮನೆಯಲ್ಲೇ ಕೂತು ಮಾಡುವ ಕೆಲಸ, ದೇವರೇ ಕೊಟ್ಟದ್ದು ಎಂದುಕೊಂಡಳು ತಿಪ್ಪಕ್ಕ.

ಗಿಳಿ ಆಡಿದ್ದನ್ನೆಲ್ಲ ಕಿವಿಯಿಟ್ಟು ಕೇಳಬೇಕು. ಒಳ್ಳೆಯ ಮಾತಿಗೆ ದಾಳಿಂಬೆ ಕಾಳು. ಕೆಟ್ಟ ಮಾತಿಗೆ ಛೀ ಎಂದು ಪಂಜರಕ್ಕೆ ಬಟ್ಟೆ ಮುಚ್ಚಬೇಕು. ಅಷ್ಟೇ ಕೆಲಸ.

ಮೊದಲ ಸಲ ತಿದ್ದಿದ ಗಿಳಿಗೊಂದು ಸೇರಿನಂತೆ ರಾಗಿ ಕೂಲಿ ಸಿಕ್ಕಿತು.

ಎರಡನೆಯ ಸಲ ಗಿಳಿ ಎರಡರಷ್ಟು, ರಾಗಿ ಅರ್ಧ ಸೇರು.

"ಯಾಕಣ್ಣ ಹಿಂಗೆ?" ಎಂದಳು ತಿಪ್ಪಕ್ಕ.

"ನನ್ನ ಕೇಳಬೇಡ ತಾಯಿ, ನಾನು ಎತ್ತಿನ ಬಾಲ ನೋಡೋನು," ಎಂದ ಗಾಡಿ ಹೊಡೆಯುವ ಮಾರಣ್ಣ. "ಕೆರೆಕೋಡಿ ಹೊನ್ನಕ್ಕ ನಿನ್ನ ಎರಡರಷ್ಟು ಮಾಡ್ತಾಳಂತೆ, ಅದೂ ನಗ್‌ನಗ್ತಾ. ಹಂಗಂತ ಹೇಳು ಅಂದವ್ರೆ."

ಮೂರನೆಯ ಸಲ ರಾಗಿಯೇ ಇಲ್ಲ.

"ನೀನು ತಿದ್ದಿದ ಗಿಳಿ ಒಂದು ಕೆಟ್ಟ ಮಾತು ಆಡಿತಂತೆ. ಎಲ್ಲವನ್ನೂ ಕಾಡಿಗೆ ಬಿಟ್ಟರಂತೆ, ಅದಕ್ಕೇ ಕೂಲಿಯಿಲ್ಲ," ಎಂದ ಮಾರಣ್ಣ.

"ಯಾವ ಗಿಳಿ? ಯಾವ ಮಾತು?"

"ಅದನ್ನ ಹೇಳಲಿಲ್ಲ ತಾಯಿ."

ಆ ದಿನ ಚೆನ್ನಿ ಅಂಗಳದಲ್ಲಿ ಮರದ ಬೊಂಬೆಗೆ ಉಣಿಸುತ್ತಿದ್ದಳು. ಬೊಂಬೆ ಬಾಯಿ ತೆರೆಯಲಿಲ್ಲವೆಂದು ಒಂದು ಮಾತು ಬೈದಳು. ದಂಡಿನವರು ಸೆರೆಸಿಕ್ಕ ಹೆಂಗಸಿಗೆ ಆಡುವ ಮಾತು ಅದು. ಗಿಳಿಗಳಿಂದ ಕೇಳಿದ್ದನ್ನು ಮಗು ಅರ್ಥ ತಿಳಿಯದೆ, ನಗುತ್ತಾ ಆಡಿತು. ಹೊಡೆಯಲು ಎತ್ತಿದ ತಿಪ್ಪಕ್ಕನ ಕೈ ಹಾಗೇ ನಿಂತಿತು. ಬೆಳಿಗ್ಗೆ ದೇವರಿಗೆ ದೀಪ ಹಚ್ಚುವಾಗ ಅವಳ ನಾಲಿಗೆಯ ತುದಿಗೂ ಅದೇ ಮಾತು ಬಂದಿತ್ತು.

ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಕೆರೆಕೋಡಿಗೆ ನಡೆದಳು.

"ನಗ್‌ನಗ್ತಾ ಎರಡರಷ್ಟು ಮಾಡೋ ಹೊನ್ನಕ್ಕ ನೀನೇ ಏನವ್ವ? ನಾನು ಬಸರೀಹಾಳಿನ ತಿಪ್ಪಕ್ಕ."

ಹೊನ್ನಕ್ಕನ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. "ಅಯ್ಯೋ, ಎರಡರಷ್ಟು ಮಾಡೋಳು ನೀನು ಅಂತಲ್ಲವೇ ನನಗೆ ಹೇಳಿರೋದು! ನಿನ್ನ ಹೆಸರು ಹಿಡಿದು ದಿನಾ ಶಾಪ ಹಾಕ್ತಿದ್ದೆ ಕಣವ್ವ."

ಇಬ್ಬರೂ ನಕ್ಕರು. ನಕ್ಕದ್ದೇ ಅಳುವಾಯಿತು.

"ಗಿಳಿಗಳು ದಿಟವಾಗಿ ಕಾಡಿಗೆ ಹೋದವೋ ಇಲ್ಲವೋ, ನೋಡೇ ಬಿಡೋಣ," ಎಂದಳು ತಿಪ್ಪಕ್ಕ.

ಅಂದಿನಿಂದ ಇಬ್ಬರೂ ಪ್ರತಿ ಗಿಳಿಗೂ ಒಂದು ಮಾತು ಹೆಚ್ಚಿಗೆ ಕಲಿಸಿದರು. "ನಿನ್ನ ಗುರು ಯಾರು?" ಎಂದು ಕೇಳಿದರೆ ಮಾತ್ರ ಅದು ಹೊರಬರುತ್ತಿತ್ತು. ದುಗ್ಗಣ್ಣ ಗಿಳಿಯನ್ನು ಹಾಗೆ ಕೇಳುವವನೇ ಅಲ್ಲ. ಆದರೆ ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಗುರುಹುಣ್ಣಿಮೆಯ ದಿನ ಸಭೆಯಲ್ಲಿ ಬಾಯಿ ತೆರೆಯುವವರು ಮೊದಲು ಗುರುವಿನ ಹೆಸರು ಹೇಳಬೇಕು.

ಆ ಗಿಳಿಗಳನ್ನು ತಿದ್ದಿದ್ದಕ್ಕೂ ಕೂಲಿ ಬರಲಿಲ್ಲ. ಅವನ್ನೂ ಕಾಡಿಗೆ ಬಿಟ್ಟೆವೆಂದೇ ಹೇಳಿಕಳಿಸಿದರು.

ಹುಣ್ಣಿಮೆ ಬಂತು. ಅರಸ ಸಭೆಯಲ್ಲಿ ಮೊದಲ ಗಿಳಿಯನ್ನು ಕೇಳಿದ: "ನಿನ್ನ ಗುರು ಯಾರು?"

"ಬಸರೀಹಾಳಿನ ತಿಪ್ಪಕ್ಕ."

ಎರಡನೆಯದನ್ನು ಕೇಳಿದ. "ಕೆರೆಕೋಡಿಯ ಹೊನ್ನಕ್ಕ."

ಮೂರನೆಯದನ್ನು ಕೇಳಿದ. "ಬಸರೀಹಾಳಿನ ತಿಪ್ಪಕ್ಕ."

ದುಗ್ಗಣ್ಣನ ಮುಖ ಬಾಡಿತು. ಎಲ್ಲವನ್ನೂ ತಾನೇ ತಿದ್ದಿದೆನೆಂದು ಅವನು ಬೊಕ್ಕಸದಿಂದ ಗಿಳಿಯೊಂದಕ್ಕೆ ಮೂರು ಸೇರು ರಾಗಿ ಪಡೆದಿದ್ದ. ಅರಸ ಇಬ್ಬರು ಹೆಂಗಸರನ್ನೂ ಕರೆಸಿದ.

"ಈ ಗಿಳಿಗಳನ್ನು ತಿದ್ದಿದ್ದಕ್ಕೆ ಕೂಲಿ ಬಂತೇನವ್ವ?"

"ಇಲ್ಲ ಬುದ್ಧಿ," ಎಂದಳು ತಿಪ್ಪಕ್ಕ. "ಕಾಡಿಗೆ ಬಿಟ್ವಿ ಅಂದ್ರು."

"ಕಾಡಿಗೆ ಹೋದ ಗಿಳಿ ನನ್ನ ಸಭೆಗೆ ಹೇಗೆ ಬಂತೋ ದುಗ್ಗಣ್ಣ?"

ದುಗ್ಗಣ್ಣ ಅರಸನ ಕಾಲಿಗೆ ಬಿದ್ದ. ಅವನ ಪಾರುಪತ್ಯ ಹೋಯಿತು. ಅವನ ಕಣಜದ ರಾಗಿಯೆಲ್ಲ ಹಳ್ಳಿಗಳಿಗೆ ಹೋಯಿತು.

"ಇನ್ನೇನು ಬೇಕು ಕೇಳು ತಾಯಿ," ಎಂದ ಅರಸ.

"ರಾಗಿ ಬಂತು ಬುದ್ಧಿ, ನಿಮ್ಮ ಧರ್ಮ. ಗಿಳಿಗಳಿಂದ ಕೇಳಿದ ಹೊಲಸು ಮಾತನ್ನ ಕಿವಿಯಿಂದ ತೆಗೆಸಿಕೊಡಿ. ನನ್ನದು ಇರಲಿ, ನನ್ನ ಕೂಸಿನದಾದರೂ."

ಅರಸ ರಾಜವೈದ್ಯನ ಮುಖ ನೋಡಿದ. ಪುರೋಹಿತನ ಮುಖ ನೋಡಿದ. ಇಬ್ಬರೂ ನೆಲ ನೋಡಿದರು. ಕೊನೆಗೆ ಅರಸನೂ ತಲೆ ತಗ್ಗಿಸಿದ. ಗಿಳಿಗಳು ಮಾತ್ರ ಒಂದೂ ಕೆಟ್ಟ ಮಾತಿಲ್ಲದೆ, ಇಂಪಾಗಿ ಮಾತಾಡುತ್ತಲೇ ಇದ್ದವು.

ದುಡಿದವರ ಕೂಲಿ ನುಂಗಿದವನು ಇಂದಲ್ಲ ನಾಳೆ ಸಿಕ್ಕಿಬೀಳುತ್ತಾನೆ ಮಕ್ಕಳೇ, ಅದರಲ್ಲಿ ಅನುಮಾನ ಬೇಡ. ಆದರೆ ಬಾಕಿ ಕೂಲಿ ತೀರಿಸಬಹುದು, ಕೆಡಿಸಿದ ಮನಸ್ಸನ್ನು ಯಾವ ಬೊಕ್ಕಸವೂ ಸರಿಪಡಿಸಲಾರದು. ಆದಕಾರಣ, ದೂರದವರ ಕೈಯಲ್ಲಿ ಕೆಲಸ ಮಾಡಿಸುವವನು ಕೆಲಸಕ್ಕೆ ಮೊದಲೇ ಅವರ ಮುಖ ನೋಡಿ, ಆ ಕೆಲಸ ಅವರಿಗೇನು ಮಾಡೀತೆಂದು ತಿಳಿದು ಬರಬೇಕು.